ಮೀಟರು ಹೇಳದ ಲೆಕ್ಕ

ನಮ್ಮ ಕಡೆ ಹಳೆಯ ಗಾಡಿ ಕೊಳ್ಳಬೇಕೆಂದವರು ಮೊದಲು ಗಾಡಿಯ ಹತ್ತಿರ ಹೋಗುವುದಿಲ್ಲ, ಚಹಾದಂಗಡಿಗೆ ಹೋಗುತ್ತಾರೆ. ‘ಅದು ಯಾರ ಗಾಡಿ?’ ಎಂದು ಕೇಳುತ್ತಾರೆ. ಇಂಥವರದು ಎಂದು ತಿಳಿದರೆ ಅರ್ಧ ತಪಾಸಣೆ ಮುಗಿದ ಹಾಗೆ. ಆತ ಅದರಲ್ಲಿ ಕಬ್ಬು ಹೇರಿದನೋ ಮರಳು ಹೇರಿದನೋ, ಆಯಿಲ್ ಬದಲಿಸಿದನೋ ಬರೀ ಡೀಸೆಲ್ ಹಾಕಿ ಓಡಿಸಿದನೋ, ಯಾವ ತಿರುವಿನಲ್ಲಿ ಯಾವ ವರ್ಷ ಮಗುಚಿಬಿದ್ದಿತ್ತು ಎಂಬುದೆಲ್ಲ ಊರಿಗೆ ಗೊತ್ತಿರುತ್ತದೆ. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವ ಮೊದಲು ಹಗ್ಗ ಹಿಡಿದು ನಿಂತವನ ಮುಖ ನೋಡುವ ಜನ ನಾವು.

ಪರವೂರಿನಲ್ಲಿ ಈ ಅನುಕೂಲ ಇರುವುದಿಲ್ಲ. ಪುಣೆಯಲ್ಲಿ ಇಷ್ಟು ವರ್ಷ ಇದ್ದೂ ನನಗೆ ಹಡಪ್ಸರದ ಯಾವ ಚಹಾದಂಗಡಿಯಲ್ಲೂ ‘ಅದು ಯಾರ ಗಾಡಿ’ ಎಂದು ಕೇಳುವ ಹಕ್ಕು ಹುಟ್ಟಿಲ್ಲ. ಕೇಳಿದರೂ ಹೇಳುವವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಮಾರುವವನ ಮುಖ ನೋಡಿ ಪ್ರಯೋಜನವಿಲ್ಲ. ಗಾಡಿಯ ಬಾಯಿಂದಲೇ ಅದರ ಚರಿತ್ರೆ ಹೊರಡಿಸಬೇಕು, ಆಮೇಲೆ ಅದನ್ನು ಕಾಗದದ ಜೊತೆ ತಾಳೆ ನೋಡಬೇಕು. ಬ್ಯಾಂಕಿನಲ್ಲಿ ವಾಹನ ಸಾಲದ ಫೈಲುಗಳನ್ನು ನೋಡಿದ್ದರಿಂದ ಎರಡನೆಯದು ನನಗೆ ಬರುತ್ತದೆ. ಮೊದಲನೆಯದನ್ನು ಕಲಿಸಿದವರು ಕಾತ್ರಜ್ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ನಮ್ಮ ಗದಗಿನ ಕಡೆಯ ಮಿಸ್ತ್ರಿ.

ಇಬ್ಬರಿಗೂ ಕೆಲಸ ಹಚ್ಚಿದವನು ಇಂಡಿ ತಾಲೂಕಿನ ಒಬ್ಬ ಹುಡುಗ. ಇಂಡಿ ಎಂದರೆ ನಿಂಬೆಹಣ್ಣಿನ ಸೀಮೆ. ಮನೆಯಲ್ಲಿ ತೋಟ ಇದ್ದರೂ ಬಾವಿಯಲ್ಲಿ ನೀರಿಲ್ಲ. ಹಾಗಾಗಿ ಪುಣೆಗೆ ಬಂದು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಸಾಗಿಸುವ ಗಾಡಿಗೆ ಡ್ರೈವರ್ ಆಗಿದ್ದ. ಐದು ವರ್ಷ ಬೇರೆಯವರ ಗಾಡಿ ಓಡಿಸಿದ ಮೇಲೆ ಸ್ವಂತದ್ದೊಂದು ಇರಲಿ ಎಂಬ ಆಸೆ ಹುಟ್ಟಿತು. ಈ ಆಸೆ ಹೊಸದೇನಲ್ಲ. 2005ರಲ್ಲಿ ಟಾಟಾ ಏಸ್ ರಸ್ತೆಗೆ ಬಂದ ಮೇಲೆ, ಆಮೇಲೆ ಬೊಲೆರೊ ಪಿಕಪ್ಪು, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಇವೆಲ್ಲ ಬೀದಿ ತುಂಬಿದ ಮೇಲೆ, ಸಾವಿರಾರು ಡ್ರೈವರುಗಳು ಮಾಲೀಕರಾದರು. ಹೊಸ ಗಾಡಿ ಎಲ್ಲರ ಕೈಗೆ ಎಟುಕುವುದಿಲ್ಲ. ಈತನ ಕೈಯಲ್ಲಿ ಎರಡೂವರೆ ಲಕ್ಷ ಉಳಿತಾಯ, ಮೇಲೆ ಅವ್ವನ ಬೋರಮಾಳ ಸರ ಅಡವಿಟ್ಟು ತಂದ ಒಂದೂವರೆ ಲಕ್ಷ, ಒಟ್ಟು ನಾಲ್ಕು ಲಕ್ಷ ಇತ್ತು. ಈ ಹಣ ಹೋದರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

2023ರಲ್ಲಿ ಒಂದು ದಿನ ಫೋನು ಮಾಡಿದ. “ಕಾಕಾರ, ಒಂದ್ ಪಿಕಪ್ ಸಿಕ್ಕೈತ್ರಿ. ಏಳು ವರ್ಷದ್ದು. ಮೀಟರ್‌ನ್ಯಾಗ ಇನ್ನಾ ಲಕ್ಷನೂ ಆಗಿಲ್ರಿ. ನಾಕೂ ಅರವತ್ತು ಕೇಳಾಕತ್ಯಾನ, ನಾಕಕ್ಕ ಕೊಡತಾನ್ರಿ.”

“ಏನು ಹೇರುತ್ತಿದ್ದರಂತೆ?” ಎಂದು ಕೇಳಿದೆ.

“ನಾಶಿಕ್ ಟ್ರಿಪ್ರಿ. ಕಾಯಿಪಲ್ಲೆ.”

ಮೀಟರಿನಲ್ಲಿ ಇದ್ದದ್ದು 92,000 ಕಿಲೋಮೀಟರು. ಪುಣೆಯಿಂದ ನಾಶಿಕಕ್ಕೆ ಸುಮಾರು 210 ಕಿಲೋಮೀಟರು, ಹೋಗಿ ಬಂದರೆ 420. ಭಾಗಿಸಿದರೆ ಏಳು ವರ್ಷದಲ್ಲಿ 219 ಟ್ರಿಪ್ಪು, ಅಂದರೆ ವರ್ಷಕ್ಕೆ ಮೂವತ್ತೊಂದು. ಸಾಲದಲ್ಲಿ ಕೊಂಡ ಬಾಡಿಗೆ ಗಾಡಿ ವರ್ಷಕ್ಕೆ ಮೂವತ್ತೊಂದೇ ಟ್ರಿಪ್ಪು ಹೊಡೆದರೆ ಕಂತು ಎಲ್ಲಿಂದ ಕಟ್ಟುತ್ತಾರೆ? ಡ್ರೈವರನ ಪಗಾರ, ವಿಮೆ, ಟೈರು ಎಲ್ಲಿಂದ ಬರುತ್ತದೆ? ತಿಂಗಳಾ ಕಂತು ಕಟ್ಟಿದ ಗಾಡಿ ಓಡಿರಲೇಬೇಕು. ಓಡಿಲ್ಲ ಎಂದರೆ ಅದು ರಿಪೇರಿಗೆ ನಿಂತಿರಬೇಕು, ಅಥವಾ ಮೀಟರು ಯಾರದೋ ಕೈಗೆ ಸಿಕ್ಕಿರಬೇಕು. ಎರಡೂ ಒಳ್ಳೆಯ ಸುದ್ದಿಯಲ್ಲ.

ಆದರೂ ನೋಡದೆ ಬೇಡ ಎನ್ನುವುದು ಸರಿಯಲ್ಲವೆಂದು ಮಿಸ್ತ್ರಿಯವರನ್ನು ಕರೆದುಕೊಂಡು ಬೆಳಿಗ್ಗೆ ಎಂಟಕ್ಕೆ ಹೋದೆವು. ಮಾರುವವರು ಬಹಳ ಆದರದಿಂದ ಕುರ್ಚಿ ಹಾಕಿಸಿದರು. “ಕಾಕಾ, ಗಾಡಿ ಏಕದಮ್ ಟಕಾಟಕ್ ಆಹೇ” ಎಂದರು. ಮಿಸ್ತ್ರಿ ಕೂಡಲಿಲ್ಲ. ಮೊದಲು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು! ಡೀಸೆಲ್ ಇಂಜಿನ್ನಿನ ಗುಣ ತಿಳಿಯುವುದು ರಾತ್ರಿಯಿಡೀ ತಣ್ಣಗೆ ನಿಂತು ಮೊದಲ ಸಲ ಚಾಲೂ ಆಗುವಾಗ. ಎಷ್ಟು ಹೊತ್ತು ಸೆಲ್ಫ್ ಹೊಡೆಯುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ, ಎಂಥ ಸದ್ದು ಮಾಡುತ್ತದೆ ಎಂಬುದೆಲ್ಲ ಆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಾವು ಬರುವ ಮೊದಲೇ ಯಾರೋ ಅದನ್ನು ಕಾಯಿಸಿಟ್ಟಿದ್ದರು.

ಚಾಲೂ ಮಾಡಿ ಮಿಸ್ತ್ರಿ ಹೊಗೆ ತೋರಿಸಿ ಹೇಳಿದ್ದು ನನಗೆ ನೆನಪಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರೋ ಇಂಜೆಕ್ಟರೋ, ದುಡ್ಡಿನಿಂದ ಸರಿಹೋಗುವ ಕಾಯಿಲೆ. ನಿಲ್ಲದ ಬಿಳಿ ಹೊಗೆಯಾದರೆ ನೀರು ಒಳಗೆ ಹೋಗುತ್ತಿರಬಹುದು, ಇಲ್ಲವೇ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ನೀಲಿ ಹೊಗೆಯಾದರೆ ಇಂಜಿನ್ನು ತನ್ನ ಆಯಿಲನ್ನು ತಾನೇ ಕುಡಿಯುತ್ತಿದೆ. ರಿಂಗು, ಪಿಸ್ಟನ್ನು, ಟರ್ಬೊ ಯಾವುದಾದರೂ ಸವೆದಿರಬಹುದು. ಆಮೇಲೆ ಇಂಜಿನ್ನು ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಅಲ್ಲಿಂದ ರೈಲಿನ ಉಸಿರಿನ ಹಾಗೆ ಪುಸ್ ಪುಸ್ ಎಂದು ಹೊಗೆ ಬಂತು. ಒಳಗಿನ ಒತ್ತಡ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ ಎಂದು ಅರ್ಥ. ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಆಯಿಲ್ ಜೊತೆ ನೀರು ಸೇರಿರುವ ಸಂಶಯ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೂ ಅದೇ ಸಂಶಯ. ರೇಡಿಯೇಟರಿನ ಮುಚ್ಚಳ ಮಾತ್ರ ಇಂಜಿನ್ನು ಪೂರ್ತಿ ತಣ್ಣಗಿದ್ದಾಗಲೇ ತೆಗೆಯಬೇಕು. ಬಿಸಿಯಲ್ಲಿ ತೆಗೆದರೆ ಮುಖ ಸುಟ್ಟುಕೊಳ್ಳುತ್ತದೆ.

ಒಳಗೆ ಕುಳಿತು ನೋಡಿದರೆ ಸೀಟಿನ ಕವರ್ ಹೊಸದು, ಪೆಡಲಿನ ರಬ್ಬರು ಹೊಸದು. ಆದರೆ ಕ್ಲಚ್ ಪೆಡಲಿನ ಕಬ್ಬಿಣದ ಅಂಚು ಕನ್ನಡಿಯ ಹಾಗೆ ಸವೆದು ಹೊಳೆಯುತ್ತಿತ್ತು. ತೊಂಬತ್ತು ಸಾವಿರದಲ್ಲಿ ಕಬ್ಬಿಣ ಹಾಗೆ ಸವೆಯುವುದಿಲ್ಲ. ಚಾವಿ ತಿರುಗಿಸಿದಾಗ ಆಯಿಲ್, ಬ್ಯಾಟರಿ, ಇಂಜಿನ್ನಿನ ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿ, ಚಾಲೂ ಆದ ಮೇಲೆ ಆರಬೇಕು. ಇಲ್ಲಿ ಒಂದು ದೀಪ ಹೊತ್ತಲೇ ಇಲ್ಲ. ಹೊತ್ತದ ದೀಪ ಹೊತ್ತೇ ಇರುವ ದೀಪಕ್ಕಿಂತ ಕೆಟ್ಟದ್ದಂತೆ. ಬಲ್ಬು ತೆಗೆದೋ ತಂತಿ ಕತ್ತರಿಸಿಯೋ ದೂರು ಹೇಳುವವನ ಬಾಯಿ ಮುಚ್ಚಿಸಿರುತ್ತಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಿಯ ಉಪಕರಣಗಳೂ ಸೆನ್ಸರುಗಳೂ ಹೆಚ್ಚು, ರಿಪೇರಿಯೂ ದುಬಾರಿ. ಅವುಗಳಲ್ಲಿ ಈ ದೀಪದ ಪರೀಕ್ಷೆ ಇನ್ನೂ ಮುಖ್ಯ.

ಕೊನೆಗೆ ಮಿಸ್ತ್ರಿ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳಿದರು. ಚಾಸಿಗೆ ಹೊಸ ಕಪ್ಪು ಬಣ್ಣ ಹೊಡೆದಿದ್ದರು. ಹಿಂದಿನ ಕಮಾನು ಪಟ್ಟಿ ಚಾಸಿಗೆ ಸೇರುವ ಕಡೆ ಉಗುರಿನಿಂದ ಕೆರೆದರೆ ಬಣ್ಣದಡಿ ವೆಲ್ಡಿಂಗಿನ ಗಂಟು ಕಂಡಿತು. ಪಟ್ಟಿಗಳ ಕಟ್ಟಿಗೆ ಒಂದು ಹೆಚ್ಚಿನ ಪಟ್ಟಿ ಸೇರಿಸಿದ್ದರು. ಅಂದರೆ ಹೊರಬೇಕಾದ್ದಕ್ಕಿಂತ ಬಹಳ ಹೆಚ್ಚು ಹೇರಿದ್ದಾರೆ, ಚಾಸಿ ಬಿರುಕು ಬಿಟ್ಟಿದೆ, ಬೆಸುಗೆ ಹಾಕಿ ಬಣ್ಣ ಬಳಿದಿದ್ದಾರೆ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಕನ್ನಡದಲ್ಲಿ ಹೇಳಿದರು: “ಸಾಹೇಬ್ರ, ಮುಖಕ್ಕ ಪೌಡರ್ ಹಚ್ಕೊಂಡೈತಿ, ಕಾಲಾಗ ಬಿರುಕು ಬಿಟ್ಟಾವು.” ಪರವೂರಿನಲ್ಲಿ ನಮ್ಮ ಭಾಷೆ ಇಂಥ ಕಡೆಯೂ ಉಪಯೋಗಕ್ಕೆ ಬರುತ್ತದೆ. ಮಾರುವವರು ನಗುತ್ತಲೇ ಇದ್ದರು.

ಕಾಗದ ಕೇಳಿದೆ. ಆರ್‌ಸಿಯಲ್ಲಿ ಇದ್ದದ್ದು ಬೇರೆಯವರ ಹೆಸರು. ಆ ಮಾಲೀಕ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿ, ತಾರೀಖಿಲ್ಲದೆ, ಕೊಳ್ಳುವವರ ಹೆಸರಿಲ್ಲದೆ ಖಾಲಿ ಬಿಟ್ಟು ಹೋಗಿದ್ದರು. ಖಾಲಿ ಕಾಗದಕ್ಕೆ ಸಹಿ ಕಂಡರೆ ಬ್ಯಾಂಕಿನವರಿಗೆ ಮೈ ಉರಿಯುತ್ತದೆ. ಹಾಗೆ ಸಹಿ ಮಾಡಿಕೊಡುವುದು ಮಾರಿದವನಿಗೂ ಅಪಾಯ. ಪುಸ್ತಕದಲ್ಲಿ ಹೆಸರು ಯಾರದಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಅಷ್ಟೆ. ಇಲ್ಲಿ ಆರ್‌ಸಿಯಲ್ಲಿ ಸಾಲದ ಸಂಸ್ಥೆಯ ಹೆಸರೂ ಹಾಗೇ ಇತ್ತು. “ಸಾಲ ತೀರಿದೆ ಕಾಕಾ, ಪತ್ರ ಬರುತ್ತದೆ” ಎಂದರು. ಸಾಲ ತೀರಿದ್ದು ಒಂದು ಕೆಲಸ, ಎಚ್.ಪಿ. ತೆಗೆಸಿದ್ದು ಇನ್ನೊಂದು ಕೆಲಸ. ಸಾಲ ಕೊಟ್ಟವರು ಸಹಿ ಮಾಡಿದ ಫಾರಂ 35 ಆರ್‌ಟಿಒಗೆ ಹೋಗಿ, ದಾಖಲೆಯಿಂದ ಆ ಹೆಸರು ಅಳಿಯುವವರೆಗೂ ಗಾಡಿ ಪೂರ್ತಿಯಾಗಿ ನಿಮ್ಮದಲ್ಲ. ಎಷ್ಟೋ ಜನ ಕೊನೆಯ ಕಂತು ಕಟ್ಟಿ, ಪೇಢೆ ಹಂಚಿ, ಈ ಕೆಲಸ ಮರೆತಿರುತ್ತಾರೆ. ಕೊಳ್ಳುವವನು ಬಂದಾಗ ನೆನಪಾಗುತ್ತದೆ.

ಹುಡುಗನ ಮುಖ ಸಣ್ಣದಾಯಿತು. ಬಂಗಾರದ ಮೇಲಿನ ಬಡ್ಡಿ ದಿನಾ ಓಡುತ್ತಿತ್ತು. “ಲಕ್ಷ ಒಳಗ ಮತ್ತ ಸಿಗೂದಿಲ್ರಿ ಕಾಕಾರ” ಎಂದ. ಲಕ್ಷದೊಳಗೆ ಹುಡುಕುವುದು ಬಿಡು, ಮೂರು ಲಕ್ಷ ಓಡಿದ್ದು ಹುಡುಕು, ಆದರೆ ಲೆಕ್ಕ ಇಟ್ಟವನದು ಹುಡುಕು ಎಂದೆ. ಅವನಿಗೆ ಅದು ತಮಾಷೆಯ ಹಾಗೆ ಕೇಳಿಸಿರಬೇಕು.

ಹದಿನೈದು ದಿನಕ್ಕೆ ಅಂಥದ್ದೇ ಸಿಕ್ಕಿತು. ಸಾಸವಡದ ಕಡೆಯ ಹಾಲಿನ ಗಾಡಿ, ಅದೂ ಏಳು ವರ್ಷದ್ದೇ. ಮೀಟರಿನಲ್ಲಿ 3,18,000. ಮಾಲೀಕರೇ ಚಾಲಕರು, ಐವತ್ತೈದರ ಆಸುಪಾಸು, ಬೆನ್ನು ನೋವಿಗೆ ಕೆಲಸ ಬಿಡುತ್ತಿದ್ದರು. ಸಾಸವಡದಿಂದ ಪುಣೆಗೆ ಸುಮಾರು ಮೂವತ್ತು ಕಿಲೋಮೀಟರು. ದಿನಕ್ಕೆ ಎರಡು ಸಲ ಹೋಗಿ ಬಂದರೆ ನೂರಿಪ್ಪತ್ತು, ಹಳ್ಳಿಯ ಸುತ್ತು ಸೇರಿ ನೂರಿಪ್ಪತ್ತೈದು. ಹಾಲಿಗೆ ರಜೆಯಿಲ್ಲ, 365 ದಿನವೂ ಲೆಕ್ಕ. ಏಳು ವರ್ಷಕ್ಕೆ ಗುಣಿಸಿದರೆ 3,19,375. ಮೀಟರು ಹೇಳಿದ್ದೂ ಮನುಷ್ಯ ಹೇಳಿದ್ದೂ ತಾಳೆಯಾಯಿತು. ಅವರು ಒಂದು ವಹಿ ತಂದು ಮುಂದಿಟ್ಟರು. ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರು, ಎರಡು ಸಲ ಹಾಕಿದ ಕ್ಲಚ್ ಪ್ಲೇಟು, ಐದು ಸಲ ಬದಲಾದ ಟೈರು, ಎಲ್ಲ ಮರಾಠಿಯ ದುಂಡು ಅಕ್ಷರದಲ್ಲಿ, ಒಂದೊಂದು ಸಲ ಒಂದೊಂದು ಬಣ್ಣದ ಪೆನ್ನಿನಲ್ಲಿ ಇತ್ತು. ಒಂದೇ ದಿನ ಕೂತು ಬರೆದ ವಹಿ ಹಾಗಿರುವುದಿಲ್ಲ.

ವಹಿ ಚೆನ್ನಾಗಿದೆ ಎಂದು ಮಿಸ್ತ್ರಿ ಬಿಡಲಿಲ್ಲ. ಹಾಲಿನ ಗಾಡಿಯಲ್ಲಿ ಚೆಲ್ಲಿದ ಹಾಲು ಹುಳಿಯಾಗಿ, ದಿನಾ ನೀರು ಬಿದ್ದು, ಹಿಂದಿನ ಬಾಡಿಯ ತಳ ತುಕ್ಕು ತಿನ್ನುತ್ತದೆ. ಕೊಂಕಣದ ಮೀನಿನ ಗಾಡಿಗಳಿಗೂ ಇದೇ ರೋಗ. ತಳವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿದರು. ಎರಡು ಕಡೆ ಸದ್ದು ಬೇರೆ ಬಂತು, ಅಲ್ಲಿ ತಗಡು ಹಾಕಿಸಬೇಕು ಎಂದರು. ಚಾಸಿಯಲ್ಲಿ ಬೆಸುಗೆ ಇರಲಿಲ್ಲ. ಸೀಟಿನ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ, ಹೆಡ್‌ಲೈಟಿನ ಒಳಗೆ ಮಣ್ಣಿನ ಗೆರೆ ಇದೆಯೇ ಎಂದೂ ನೋಡಿದರು. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರದಲ್ಲಿ, 2021ರಲ್ಲಿ ಮತ್ತೆ ಕೊಲ್ಹಾಪುರ, ಚಿಪಳೂಣದಲ್ಲಿ ಮಹಾಪೂರ ಬಂದಿತ್ತಲ್ಲ. ಪೂರದಲ್ಲಿ ಮುಳುಗಿದ ಗಾಡಿ ತೊಳೆಸಿಕೊಂಡು ಬೇರೆ ಜಿಲ್ಲೆಗೆ ಮಾರಾಟಕ್ಕೆ ಬಂದರೆ ಈ ಗೆರೆಗಳಿಂದಲೇ ಗುರುತು ಹಿಡಿಯಬೇಕು.

ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಹಾಲಿನ ಕ್ಯಾನುಗಳಿಗೆ ನೀರು ತುಂಬಿಸಿದೆವು. ನಲವತ್ತು ಲೀಟರಿನ ಇಪ್ಪತ್ತೈದು ಕ್ಯಾನು, ಒಂದು ಟನ್ನು ಭಾರ. ದಿವೆ ಘಾಟಿನಲ್ಲಿ ಇಳಿಸಿ, ತಿರುಗಿಸಿ, ಮೇಲೆ ಹತ್ತಿಸಿದೆವು. ಇಳಿಯುವಾಗ ಬ್ರೇಕು ಒಂದು ಕಡೆ ಎಳೆಯುತ್ತದೆಯೇ, ಗೇರು ತಾನಾಗಿ ಜಾರಿ ಹೊರಬರುತ್ತದೆಯೇ ಎಂದು ನೋಡಬೇಕು. ಹತ್ತುವಾಗ ಇಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗುತ್ತದೆಯೇ ನೋಡಬೇಕು. ಕೂಗು ಹೆಚ್ಚು, ಓಟ ಕಡಿಮೆ ಎಂದರೆ ಕ್ಲಚ್ ಜಾರುತ್ತಿದೆ. ಘಾಟು ಹತ್ತಿ ನಿಂತಾಗ ಬಿಸಿಯ ಮುಳ್ಳು ಎಲ್ಲಿದೆ ನೋಡಬೇಕು. ಮುಂದೆ ಹಿಂದೆ ಗೇರು ಹಾಕಿದಾಗ ಕೆಳಗೆ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಸವೆದಿರಬಹುದು, ಓಡುವಾಗ ಹಿಂದಿನಿಂದ ಗುಂಯ್ ಎಂದರೆ ಕ್ರೌನ್ ಪಿನಿಯನ್ನು. ಈ ಗಾಡಿಯಲ್ಲಿ ಕ್ರಾಸು ‘ಟಕ್’ ಎಂದಿತು, ಕ್ಲಚ್ ಮುಗಿಯುತ್ತ ಬಂದಿತ್ತು, ಹಿಂದಿನ ಎರಡು ಟೈರು ಬೋಳಾಗಿದ್ದವು. ಮಿಸ್ತ್ರಿ ಎಲ್ಲ ಸೇರಿಸಿ 35,000 ಎಂದು ಚೀಟಿ ಬರೆದರು. ಆ ಚೀಟಿಯನ್ನೇ ಮಾಲೀಕರ ಮುಂದಿಟ್ಟೆವು. ಬೇಸರಿಸಿಕೊಳ್ಳಲಿಲ್ಲ. ಮೂರೂ ತೊಂಬತ್ತು ಕೇಳಿದ್ದವರು ಮೂರೂ ಅರವತ್ತಕ್ಕೆ ಬಂದರು. ಹುಡುಗನ ನಾಲ್ಕು ಲಕ್ಷದೊಳಗೆ ಗಾಡಿಯೂ ರಿಪೇರಿಯೂ ಕೂತವು, ಐದು ಸಾವಿರ ಉಳಿಯಿತು.

ಕಾಗದದ ಕೆಲಸಕ್ಕೆ ನಾನು ಎರಡು ದಿನ ತೆಗೆದುಕೊಂಡೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಓದಿಕೊಂಡು ನೋಡಿದೆ. ಕಬ್ಬಿಣದ ಗಾಡಿಯೂ ಕಾಗದದ ಗಾಡಿಯೂ ಒಂದೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಪರಿವಾಹನ್ ಜಾಲತಾಣದಲ್ಲಿ ಫಿಟ್‌ನೆಸ್, ವಿಮೆ, ತೆರಿಗೆಯ ಅವಧಿಯನ್ನೂ ಬಾಕಿ ಇರುವ ಇ-ಚಲನ್‌ಗಳನ್ನೂ ನೋಡಬಹುದು. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಫಿಟ್‌ನೆಸ್ಸು ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಏಳು ವರ್ಷದ ಗಾಡಿ ಕೊಳ್ಳುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ ನೋಡಬೇಕು. 3,000 ಕಿಲೋ ದಾಟದಿದ್ದರೆ ಸರಕಿನ ಪರ್ಮಿಟ್ಟಿನ ಗೊಡವೆ ಇಲ್ಲ. ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಬರುತ್ತದೆ, ಆದರೆ ಹೆಸರು ಬದಲಿಗೆ ಹದಿನಾಲ್ಕು ದಿನದೊಳಗೆ ವಿಮೆಯವರಿಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ನಮಗೆ ಬರುವುದಿಲ್ಲ. ಹಳೆಯ ಫಾಸ್ಟ್ಯಾಗ್ ಮುಚ್ಚಿಸಬೇಕು. ಹಣವನ್ನು ಬ್ಯಾಂಕಿನ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಬೇಕು.

ಊರಿನ ಓದುಗರಿಗೆ ಒಂದು ಮಾತು. ಗಡಿಯಾಚೆ ಗಾಡಿ ಅಗ್ಗ ಎಂದು ಸೊಲ್ಲಾಪುರಕ್ಕೋ ಪುಣೆಗೋ ಬರುವವರಿದ್ದೀರಿ. ಬನ್ನಿ, ಆದರೆ ಇಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಎಣಿಸಬೇಡಿ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಉಳಿದರೆ ಅಲ್ಲಿನ ನಂಬರು ಮಾಡಿಸಲೇಬೇಕು, ಅಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೂ ಅಗ್ಗವಾದರೆ ಮಾತ್ರ ಅಗ್ಗ. ನಮ್ಮ ಹುಡುಗನಿಗೂ ವಿಜಯಪುರದ ಕೆಎ 28 ನಂಬರೇ ಬೇಕೆಂಬ ಆಸೆ ಇತ್ತು. “ಊರಿನ ನಂಬರ್ ಇದ್ರ ಚೊಲೋ ಕಾಣಸ್ತೈತ್ರಿ” ಎಂದ. ದುಡಿಯುವುದು ಪುಣೆಯಲ್ಲಿ, ನಂಬರು ಪುಣೆಯದೇ ಇರಲಿ ಎಂದೆ. ಗಾಡಿಯ ಹಿಂದೆ ಊರ ದೇವರ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಸಮಾಧಾನ ಮಾಡಿಕೊಂಡ.

ಒಂದೂವರೆ ವರ್ಷದಲ್ಲಿ ಬೋರಮಾಳ ಬಿಡಿಸಿ ಅವ್ವನಿಗೆ ಕೊಟ್ಟು ಬಂದ. ಈ ನಡುವೆ ಇಂಜೆಕ್ಟರು ಒಮ್ಮೆ ಕೈಕೊಟ್ಟಿತು, ಒಂದು ವಾರ ಗಾಡಿ ನಿಂತಿತು. ಮೂರು ಲಕ್ಷ ದಾಟಿದ ಗಾಡಿಗೆ ಅಂಥದ್ದು ಇದ್ದದ್ದೇ ಎಂದು ತಿಂಗಳಾ ಮೂರು ಸಾವಿರ ಬೇರೆ ತೆಗೆದಿಡಲು ಹೇಳಿದ್ದೆ, ಆ ಹಣ ಆಗ ಒದಗಿತು. ಸಾಸವಡದವರ ವಹಿಯನ್ನು ಗಾಡಿಯ ಜೊತೆ ಕೇಳಿ ತೆಗೆದುಕೊಂಡಿದ್ದ. ಅವರ ಮರಾಠಿ ಬರಹ ಮುಗಿದ ಪುಟದ ಕೆಳಗೆ ಗೆರೆ ಎಳೆದು, ಅಲ್ಲಿಂದ ಮುಂದೆ ಇವನು ಕನ್ನಡದಲ್ಲಿ ಬರೆಯುತ್ತಿದ್ದಾನೆ. ಅಕ್ಷರ ಸ್ವಲ್ಪ ಸೊಟ್ಟ. ಲೆಕ್ಕ ನೆಟ್ಟಗಿದೆ.